ಎಷ್ಟು ಪದ ಆಡುತ್ತದೆ ಎಂಬುದಕ್ಕಿಂತ ಏನು ಹೇಳುತ್ತಿದೆ ಎಂದು ಕೇಳೋಣ

ಮೂರು ವರ್ಷ ತುಂಬಿದರೂ ಮಗು ಮಾತಾಡದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು ಸಮಾಧಾನದ ಮಾತು. ‘ಅವರಪ್ಪನೂ ತಡವಾಗಿಯೇ ಮಾತು ಕಲಿತಿದ್ದು, ಗಂಡುಮಕ್ಕಳಿಗೆ ಮಾತು ನಿಧಾನ’ ಎನ್ನುತ್ತಾರೆ ಅಜ್ಜಿ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ಇನ್ನೊಂದು ವರ್ಷ ಕಾದು, ಕೊನೆಗೆ ವೈದ್ಯರ ಬಳಿ ಹೋದಾಗ ‘ಆಟಿಸಂ’ ಎಂಬ ಹೆಸರು ಕಿವಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ತಂದೆತಾಯಿಯ ಬಾಯಲ್ಲಿ ಒಂದೇ ಪ್ರಶ್ನೆ: ನಮ್ಮ ಮಗುವಿಗೆ ಮಾತು ಯಾವಾಗ ಬರುತ್ತದೆ?

ಆ ಪ್ರಶ್ನೆಯ ಹಿಂದಿರುವ ಸಂಕಟ ದೊಡ್ಡದು. ಆದರೆ ಚಿಕಿತ್ಸೆ, ತರಬೇತಿ ಎಲ್ಲವೂ ಆ ಒಂದೇ ಪ್ರಶ್ನೆಯ ಬೆನ್ನು ಹತ್ತಿದರೆ ನಷ್ಟ ಮಗುವಿಗೇ. ಏಕೆಂದರೆ ಮಾತು ಬೇರೆ, ಸಂವಹನ ಬೇರೆ. ಬಾಯಿಂದ ಪದ ಹೊರಡುವುದು ಮಾತು. ತನ್ನ ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು, ಅವರು ಹೇಳಿದ್ದನ್ನು ತಾನು ಗ್ರಹಿಸುವುದು ಸಂವಹನ. ನೋಟ, ಕೈಸನ್ನೆ, ಮುಖಭಾವ, ಎಳೆದಾಟ, ಅಳು, ಚಿತ್ರ, ಬರಹ ಎಲ್ಲವೂ ಅದರ ದಾರಿಗಳೇ. ಆಟಿಸಂ ಇರುವ ಮಗುವಿನಲ್ಲಿ ತೊಡಕು ಇರುವುದು ಮುಖ್ಯವಾಗಿ ಈ ಎರಡನೆಯದರಲ್ಲಿ.

ಆಟಿಸಂ ಕುರಿತ ವೈದ್ಯಕೀಯ ಚರ್ಚೆಯ ಆರಂಭದಲ್ಲೇ ಈ ಅಂಶ ಎದ್ದು ಕಂಡಿತ್ತು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಅವರಲ್ಲಿ 8 ಮಕ್ಕಳು ಮಾತು ಕಲಿತಿದ್ದರು, 3 ಮಕ್ಕಳಿಗೆ ಮಾತು ಬಂದಿರಲಿಲ್ಲ. ಮಾತು ಬರುತ್ತಿದ್ದವರಲ್ಲಿ ಕೆಲವರು ಪ್ರಾರ್ಥನೆ, ಶಿಶುಗೀತೆ, ಹೆಸರುಗಳ ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಆದರೂ ಇನ್ನೊಬ್ಬರಿಗೆ ವಿಷಯ ತಿಳಿಸುವ ಮಟ್ಟಿಗೆ ಆ 8 ಮಕ್ಕಳಿಗೂ ಈ 3 ಮಕ್ಕಳಿಗೂ ಮೂಲಭೂತ ವ್ಯತ್ಯಾಸವಿಲ್ಲ ಎಂದು ಕ್ಯಾನರ್ ಬರೆದರು. 80 ವರ್ಷ ಕಳೆದ ಮೇಲೂ ಎಷ್ಟೋ ಮನೆಗಳಲ್ಲಿ, ಕೆಲವು ಥೆರಪಿ ಕೇಂದ್ರಗಳಲ್ಲಿ ಕೂಡ ಪ್ರಗತಿಯನ್ನು ಅಳೆಯುವುದು ಪದಗಳ ಲೆಕ್ಕದಲ್ಲೇ. ಐವತ್ತು ಪ್ರಾಣಿಗಳ ಹೆಸರು ಹೇಳುವ ಮಗುವಿಗೆ ‘ನನಗೆ ಹೊಟ್ಟೆ ನೋಯುತ್ತಿದೆ’ ಎಂದು ತಿಳಿಸಲು ಆಗದಿದ್ದರೆ ಆ ಐವತ್ತರಿಂದ ಅದಕ್ಕೆ ಸಿಕ್ಕಿದ್ದು ಏನು?

ಅಳೆಯುವುದು ಎಲ್ಲಿಂದ ಶುರುವಾಗಬೇಕು?

ಮೊದಲ ಹೆಜ್ಜೆ ಕಿವಿ. ಹೆಸರು ಕೂಗಿದರೆ ತಿರುಗದ ಮಗುವಿಗೆ ಕೇಳಿಸುತ್ತಿದೆಯೇ ಇಲ್ಲವೇ ಎಂಬುದು ಖಚಿತವಾಗದೆ ಮುಂದಿನ ಯಾವ ತೀರ್ಮಾನವೂ ನಿಲ್ಲುವುದಿಲ್ಲ. ‘ಟಿವಿ ಸದ್ದಿಗೆ ಓಡಿ ಬರುತ್ತಾನೆ, ಕಿವಿ ಸರಿಯಾಗಿಯೇ ಇದೆ’ ಎಂಬ ಮನೆಯವರ ನಂಬಿಕೆ ಸಾಲದು. ಶ್ರವಣ ತಜ್ಞರು ಮಾಡುವ ಒಎಇ, ಬೆರಾ ಪರೀಕ್ಷೆಗಳಿಗೆ ಮಗು ಉತ್ತರ ಕೊಡಬೇಕಾಗಿಲ್ಲ, ಮಲಗಿರುವಾಗಲೂ ಮಾಡಬಹುದು.

ಎರಡನೆಯದು, ಆಟಿಸಂ ಇದೆಯೇ ಎಂಬ ನಿರ್ಣಯ. 12 ತಿಂಗಳಾದರೂ ತೊದಲು ನುಡಿಯಾಗಲಿ ಕೈಸನ್ನೆಯಾಗಲಿ ಇಲ್ಲದಿರುವುದು, 16 ತಿಂಗಳಾದರೂ ಒಂದು ಪದ ಬಾರದಿರುವುದು, 24 ತಿಂಗಳಾದರೂ ಎರಡು ಪದ ಜೋಡಿಸಿ ಸ್ವಂತವಾಗಿ ಹೇಳದಿರುವುದು, ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋಗುವುದು — ಇವು ತಡಮಾಡದೆ ತಜ್ಞರ ಬಳಿಗೆ ಹೋಗಲು ಸೂಚನೆಗಳು. ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಅದು ಅನುಮಾನ ತೋರಿಸುತ್ತದೆಯೇ ಹೊರತು ನಿರ್ಣಯ ಕೊಡುವುದಿಲ್ಲ. ನಮ್ಮ ದೇಶದಲ್ಲಿ ರೂಪಿಸಿದ ‘ಐಸಾ’ ಮಾಪನದಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70 ಅಥವಾ ಹೆಚ್ಚು ಬಂದರೆ ಆಟಿಸಂ ಎಂದು ಗಣಿಸುತ್ತಾರೆ. ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಇದನ್ನು ಬಳಸುತ್ತಾರೆ.

ಈ ಅಂಕಗಳು ಬೇಕು. ಆದರೆ ಇಷ್ಟಕ್ಕೇ ಫೈಲು ಮುಚ್ಚಿದರೆ ನಾಳೆ ಬೆಳಿಗ್ಗೆ ಆ ತಾಯಿ ಮಗುವಿನ ಜೊತೆ ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಸುವುದು ಮೂರನೆಯ ಹೆಜ್ಜೆ, ಸಂವಹನದ ಮೌಲ್ಯಮಾಪನ. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡೇ: ಮಗು ಯಾವುದಕ್ಕಾಗಿ ಸಂವಹಿಸುತ್ತದೆ? ಹೇಗೆ ಸಂವಹಿಸುತ್ತದೆ?

ಅಮೆರಿಕದ ಚಾರಿಟಿ ರೋಲೆಂಡ್ ರೂಪಿಸಿದ ‘ಕಮ್ಯುನಿಕೇಷನ್ ಮ್ಯಾಟ್ರಿಕ್ಸ್’ ಎಂಬ ಸಾಧನ ಈ ‘ಯಾವುದಕ್ಕಾಗಿ’ಯನ್ನು ನಾಲ್ಕಾಗಿ ವಿಂಗಡಿಸುತ್ತದೆ. ಬೇಡದ್ದನ್ನು ನಿರಾಕರಿಸಲು, ಬೇಕಾದ್ದನ್ನು ಪಡೆಯಲು, ಇನ್ನೊಬ್ಬರ ಒಡನಾಟಕ್ಕೆ, ವಿಷಯವನ್ನು ಕೇಳಲು ಅಥವಾ ಹೇಳಲು. ‘ಹೇಗೆ’ ಎಂಬುದನ್ನು ಏಳು ಹಂತಗಳಲ್ಲಿ ನೋಡುತ್ತದೆ. ಉದ್ದೇಶವಿಲ್ಲದ ಅಳುವಿನಿಂದ ಹಿಡಿದು ಕೈಸನ್ನೆ, ವಸ್ತು, ಚಿತ್ರ, ಪದ, ವಾಕ್ಯದವರೆಗೆ. ಈ ಚೌಕಟ್ಟಿನಲ್ಲಿ ನೋಡಿದರೆ ‘ಏನೂ ಹೇಳುವುದಿಲ್ಲ’ ಎನಿಸಿಕೊಂಡ ಮಗು ಕೂಡ ಏನೇನೋ ಹೇಳುತ್ತಿರುವುದು ಕಾಣುತ್ತದೆ. ಅಮ್ಮನ ಕೈ ಹಿಡಿದು ಫ್ರಿಜ್ ಬಳಿಗೆ ಎಳೆದೊಯ್ಯುವುದು ಕೇಳಿಕೆ. ತಟ್ಟೆ ತಳ್ಳುವುದು ನಿರಾಕರಣೆ. ಮಿಕ್ಸಿ ಶುರುವಾದ ಕೂಡಲೇ ಕಿವಿ ಮುಚ್ಚಿ ಓಡುವುದು ದೂರು.

ಬಹುತೇಕ ಆಟಿಸಂ ಮಕ್ಕಳಲ್ಲಿ ಮೊದಲ ಎರಡು ಉದ್ದೇಶಗಳು ಬೇಗ ಕಾಣಿಸಿಕೊಂಡು, ಕೊನೆಯ ಎರಡು ಹಿಂದೆ ಬೀಳುತ್ತವೆ. ಹನ್ನೆರಡು, ಹದಿನಾಲ್ಕು ತಿಂಗಳ ಮಗು ಆಕಾಶದಲ್ಲಿ ವಿಮಾನ ಕಂಡರೆ ಬೆರಳು ತೋರಿಸಿ, ತಿರುಗಿ ಅಪ್ಪನ ಮುಖ ನೋಡುತ್ತದೆ. ಅದಕ್ಕೆ ವಿಮಾನ ಬೇಕಾಗಿಲ್ಲ, ನೋಡಿದ ಖುಷಿಯಲ್ಲಿ ಅಪ್ಪನೂ ಪಾಲುಗೊಳ್ಳಬೇಕು. ಭಾಷೆ ಚಿಗುರುವುದು ಈ ಹಂಚಿಕೆಯ ಮಣ್ಣಿನಲ್ಲೇ. ಬಿಸ್ಕತ್ತಿಗಾಗಿ ಬೆರಳು ತೋರಿಸುವ ಮಗು, ಚಂದಿರನನ್ನು ತೋರಿಸಲು ಬೆರಳೆತ್ತುತ್ತದೆಯೇ ಎಂದು ಅನುಭವಿ ಚಿಕಿತ್ಸಕರು ಕೇಳುವುದು ಇದೇ ಕಾರಣಕ್ಕೆ.

ಅರ್ಥ ಮಾಡಿಕೊಳ್ಳುವ ಶಕ್ತಿಯನ್ನೂ ಜಾಗ್ರತೆಯಿಂದ ನೋಡಬೇಕು. ‘ಹೇಳಿದ್ದೆಲ್ಲ ತಿಳಿಯುತ್ತೆ, ಮಾತು ಮಾತ್ರ ಇಲ್ಲ’ ಎಂದು ತಂದೆತಾಯಿ ಹೇಳುತ್ತಾರೆ. ಅಪ್ಪ ಗಾಡಿ ಕೀ ಕೈಗೆತ್ತಿಕೊಂಡು ‘ಚಪ್ಪಲಿ ತಗೊಂಡು ಬಾ’ ಎಂದಾಗ ಮಗು ಓಡಿ ತಂದರೆ, ಅದು ಗ್ರಹಿಸಿದ್ದು ಮಾತನ್ನೋ ಕೀಯನ್ನೋ? ಇನ್ನೊಂದು ಹೊತ್ತಿನಲ್ಲಿ, ಚಪ್ಪಲಿಯ ಕಡೆ ನೋಡದೆ, ಕೈ ತೋರಿಸದೆ ಅದೇ ಮಾತು ಹೇಳಿದರೆ ಗೊತ್ತಾಗುತ್ತದೆ. ತರಬೇತಿ ಮಾತಿನ ಅರ್ಥದಿಂದ ಶುರುವಾಗಬೇಕೋ ಅದಕ್ಕೂ ಮುಂದಿನ ಹಂತದಿಂದಲೋ ಎಂಬುದನ್ನು ಈ ಉತ್ತರ ನಿರ್ಧರಿಸುತ್ತದೆ.

ಹೇಳಿದ್ದನ್ನೇ ಮರಳಿ ಹೇಳುವುದು ಹುಸಿ ಮಾತಲ್ಲ

‘ಹಾಲು ಬೇಕಾ ಪುಟ್ಟಾ?’ ಎಂದು ಕೇಳಿದರೆ ‘ಹಾಲು ಬೇಕಾ ಪುಟ್ಟಾ’ ಎನ್ನುವ ಮಕ್ಕಳಿದ್ದಾರೆ. ಎಂದೋ ಕೇಳಿದ ಜಾಹೀರಾತಿನ ಸಾಲನ್ನು ದಿನವಿಡೀ ಹೇಳುವವರೂ ಇದ್ದಾರೆ. ಇದಕ್ಕೆ ಎಕೊಲಾಲಿಯಾ ಎನ್ನುತ್ತಾರೆ. ಒಂದು ಕಾಲದಲ್ಲಿ ಇದನ್ನು ಅರ್ಥಹೀನ ಎಂದು ಬಗೆದು ನಿಲ್ಲಿಸಲು ಯತ್ನಿಸುತ್ತಿದ್ದರು. 1981ರಲ್ಲಿ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡುಕಾನ್ ಆಟಿಸಂ ಮಕ್ಕಳು ಕೇಳಿದ ಕೂಡಲೇ ಮರಳಿ ಹೇಳುವ ಮಾತುಗಳನ್ನು ಸಂದರ್ಭಸಮೇತ ಪರಿಶೀಲಿಸಿ, ಅವುಗಳಲ್ಲಿ ಏಳು ಬಗೆಯ ಉಪಯೋಗಗಳನ್ನು ಗುರುತಿಸಿದರು. ಮರಳಿ ಹೇಳುವ ಮಗು ಕೆಲವೊಮ್ಮೆ ಹೌದು ಎನ್ನುತ್ತಿರುತ್ತದೆ, ಕೆಲವೊಮ್ಮೆ ಬೇಡುತ್ತಿರುತ್ತದೆ, ಕೆಲವೊಮ್ಮೆ ತನ್ನ ಸರದಿ ತುಂಬುತ್ತಿರುತ್ತದೆ, ಕೆಲವೊಮ್ಮೆ ತನಗೆ ತಾನೇ ಸೂಚನೆ ಕೊಟ್ಟುಕೊಳ್ಳುತ್ತಿರುತ್ತದೆ.

ಕನ್ನಡದ ಮನೆಯಲ್ಲಿ ಇದರಿಂದ ತಕ್ಷಣ ಸಿಗುವ ಪಾಠವೊಂದಿದೆ. ಮಗು ನಾವಾಡಿದ್ದನ್ನು ಹಾಗೆಯೇ ಎತ್ತಿಕೊಳ್ಳುತ್ತದೆ ಎಂದಾದರೆ, ಎತ್ತಿಕೊಂಡ ಮಾತು ಅದರ ಬಾಯಲ್ಲಿ ಸರಿಹೊಂದುವಂತೆ ನಾವೇ ಆಡಬೇಕು. ‘ಬಿದ್ದೆಯಾ?’ ಎಂದು ಕೇಳಿದರೆ ನಾಳೆ ಬಿದ್ದಾಗ ಅದು ‘ಬಿದ್ದೆಯಾ’ ಎನ್ನುತ್ತದೆ. ಬದಲಿಗೆ ‘ಬಿದ್ದೆ, ನೋವು’ ಎಂದು ಮಗುವಿನ ಪರವಾಗಿ ಹೇಳಿ. ‘ನೀರು ಬೇಕಾ?’ ಎನ್ನುವ ಕಡೆ ಲೋಟ ತೋರಿಸಿ ‘ನೀರು ಬೇಕು’ ಎನ್ನಿ. ದಿನಕ್ಕೆ ಹತ್ತು ಸಲ ಸಿಗುವ ಅವಕಾಶ ಇದು, ಖರ್ಚಿಲ್ಲದ್ದು.

ಬೆಳೆಸುವುದು ಎಂದರೆ ಏನು?

ಸಂವಹನ ಬೆಳೆಯುವುದು ವಾರಕ್ಕೆರಡು ಬಾರಿ ನಲವತ್ತೈದು ನಿಮಿಷದ ಥೆರಪಿ ಕೋಣೆಯೊಳಗೆ ಮಾತ್ರ ಅಲ್ಲ. ಉಳಿದ ಹೊತ್ತನ್ನೆಲ್ಲ ಮಗು ಕಳೆಯುವುದು ಮನೆಯವರ ಜೊತೆ. ಹಾಗಾಗಿ ಚಿಕಿತ್ಸಕರ ದೊಡ್ಡ ಕೆಲಸ ಮನೆಯವರನ್ನು ತಯಾರು ಮಾಡುವುದು. ಇದು ಬರಿಯ ಆಸೆಯಲ್ಲ ಎಂಬುದಕ್ಕೆ ನಮ್ಮ ನೆರೆಯ ಗೋವಾದಲ್ಲೇ ಪುರಾವೆಯಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಕುಟುಂಬಗಳೊಂದಿಗೆ ನಡೆದ ‘ಪಾಸ್’ ಪ್ರಯೋಗದ ಫಲಿತಾಂಶ 2016ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಪ್ರಕಟವಾಯಿತು. ಅಲ್ಲಿ ಮನೆಗಳಿಗೆ ಹೋದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಪೋಷಕರು ಮಗುವಿನೊಂದಿಗೆ ಆಡುವುದನ್ನು ವಿಡಿಯೊ ಮಾಡಿ, ಅದನ್ನು ಅವರಿಗೇ ತೋರಿಸಿ, ಮಗು ಎಲ್ಲಿ ಏನು ಹೇಳಲು ಯತ್ನಿಸಿತು, ಅದಕ್ಕೆ ಯಾವ ಉತ್ತರ ಹೊಂದಿತು ಎಂದು ಒಟ್ಟಿಗೆ ಕೂತು ನೋಡಿದರು. ಪೋಷಕರ ಸ್ಪಂದನೆ ಮಗುವಿಗೆ ಹೆಚ್ಚು ಹೊಂದಿಕೊಂಡಿತು. ಮಕ್ಕಳು ತಾವಾಗಿಯೇ ಸಂವಹನ ಆರಂಭಿಸುವುದು ಹೆಚ್ಚಾಯಿತು.

ಇಂಥ ಕ್ರಮಗಳ ಒಳಗಿರುವ ತತ್ವಗಳು ಮನೆಯಲ್ಲಿ ನಡೆಸಬಲ್ಲಂಥವು. ಮೊದಲನೆಯದು, ಮಗುವಿನ ಗಮನ ಎಲ್ಲಿದೆಯೋ ಅಲ್ಲಿಗೆ ನಾವು ಹೋಗುವುದು. ಮಗು ಆಟದ ಬಸ್ಸಿನ ಚಕ್ರವನ್ನಷ್ಟೇ ತಿರುಗಿಸುತ್ತಿದ್ದರೆ ಬಸ್ಸನ್ನು ಕಿತ್ತುಕೊಂಡು ‘ಇದು ಯಾವ ಬಣ್ಣ?’ ಎಂದು ಕೇಳಬೇಡಿ. ಪಕ್ಕದಲ್ಲಿ ಕೂತು ನೀವೂ ತಿರುಗಿಸಿ, ‘ತಿರುಗ್ತು… ನಿಂತಿತು’ ಎನ್ನಿ. ಅದು ನಿಮ್ಮತ್ತ ಒಂದು ಕ್ಷಣ ನೋಡಿದರೂ ಆಟಕ್ಕೆ ಇಬ್ಬರಾದಂತೆ.

ಎರಡನೆಯದು, ಕಾಯುವುದು. ನಾವು ಕೇಳಿದ ಪ್ರಶ್ನೆಗೆ ಎರಡು ಸೆಕೆಂಡು ಕೊಟ್ಟು ಮತ್ತೆ ಕೇಳುತ್ತೇವೆ, ಮೂರನೆಯ ಸಲಕ್ಕೆ ನಾವೇ ಉತ್ತರಿಸುತ್ತೇವೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಕೇಳಿದ್ದನ್ನು ಜೀರ್ಣಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಒಮ್ಮೆ ಹೇಳಿ, ಹತ್ತರವರೆಗೆ ಮನಸ್ಸಿನಲ್ಲೇ ಎಣಿಸಿ, ಮುಖದಲ್ಲಿ ನಿರೀಕ್ಷೆ ಇಟ್ಟುಕೊಂಡು ಕಾಯಿರಿ.

ಮೂರನೆಯದು, ಹೇಳುವ ಕಾರಣ ಒದಗಿಸುವುದು. ಕೇಳುವ ಮೊದಲೇ ಎಲ್ಲವೂ ಕೈಗೆ ಬಂದರೆ ಕೇಳುವ ಅಗತ್ಯವೇ ಬರುವುದಿಲ್ಲ. ಚಕ್ಕುಲಿಯನ್ನು ಪಾರದರ್ಶಕ ಡಬ್ಬದಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ ಕೈಗೆ ಕೊಡಿ. ಜೋಕಾಲಿಯನ್ನು ಎರಡು ಸಲ ತೂಗಿ ನಿಲ್ಲಿಸಿ. ದೋಸೆ ಪೂರ್ತಿ ಹಾಕದೆ ಒಂದು ತುಂಡು ಹಾಕಿ. ಮಗು ನಿಮ್ಮತ್ತ ನೋಡಿದರೆ, ಕೈ ಚಾಚಿದರೆ, ಡಬ್ಬ ನಿಮ್ಮ ಕೈಗಿತ್ತರೆ ಅದನ್ನೇ ಮಾತೆಂದು ಒಪ್ಪಿ, ‘ತೆಗಿ’ ಎಂದು ಪದ ಸೇರಿಸಿ ಕೂಡಲೇ ಕೊಡಿ. ‘ಹೇಳು, ಹೇಳಿದರೇ ಕೊಡೋದು’ ಎಂದು ಹಟ ಹಿಡಿದು ಅಳಿಸಿದರೆ ಮಗು ಕಲಿಯುವುದು ಸಂವಹನವನ್ನಲ್ಲ, ಅದರ ಭಯವನ್ನು.

ನಾಲ್ಕನೆಯದು, ನಿರಾಕರಿಸುವ ಹಕ್ಕು. ‘ಬೇಕು’ ಕಲಿಸಲು ಎಲ್ಲರಿಗೂ ಉತ್ಸಾಹ, ‘ಬೇಡ’ ಕಲಿಸಲು ಯಾರಿಗೂ ಇಲ್ಲ. ಕೈ ಅಡ್ಡ ಮಾಡುವುದೋ ತಲೆ ಅಲ್ಲಾಡಿಸುವುದೋ ಒಂದು ಚಿತ್ರ ತೋರಿಸುವುದೋ, ಸಾಧ್ಯವಾದ ದಾರಿಯಲ್ಲಿ ‘ಬೇಡ’, ‘ಸಾಕು’ ಎಂದು ತಿಳಿಸುವುದನ್ನು ಕಲಿಸಿ, ತಿಳಿಸಿದಾಗ ಗೌರವಿಸಬೇಕು. ಕಚ್ಚುವುದು, ತಲೆ ಚಚ್ಚಿಕೊಳ್ಳುವುದು ಎಷ್ಟೋ ವೇಳೆ ಬೇರೆ ದಾರಿಯಿಲ್ಲದ ಮಗುವಿನ ‘ಬೇಡ’ ಆಗಿರುತ್ತದೆ. ದಾರಿ ಕೊಟ್ಟಾಗ ಆ ನಡವಳಿಕೆ ತಗ್ಗುವುದನ್ನು ಚಿಕಿತ್ಸಕರು ದಿನವೂ ಕಾಣುತ್ತಾರೆ. ಮುಂದೆ ಮೈಮುಟ್ಟಬಾರದವರು ಮುಟ್ಟಿದಾಗ ತಡೆಯಲು ಕೂಡ ಆ ಮಗುವಿಗೆ ಇರುವ ರಕ್ಷಣೆ ಇದು. ಹಾಗೆಯೇ ‘ನನ್ನ ಕಣ್ಣು ನೋಡು’ ಎಂದು ಗದ್ದ ಹಿಡಿದು ತಿರುಗಿಸುವುದನ್ನು ಬಿಡಬೇಕು. ಬೇರೆ ಕಡೆ ನೋಡುತ್ತಲೇ ಚೆನ್ನಾಗಿ ಕೇಳಿಸಿಕೊಳ್ಳುವ ಆಟಿಸಂ ಮಕ್ಕಳು ಬಹಳಷ್ಟಿದ್ದಾರೆ.

ಚಿತ್ರ ಕೊಟ್ಟರೆ ಮಾತು ನಿಂತುಹೋಗುತ್ತದೆಯೇ?

ಶಾಲೆಗೆ ಹೋಗುವ ವಯಸ್ಸು ಬಂದರೂ ಮಾತು ಬಾರದ ಅಥವಾ ಕೆಲವೇ ಪದಗಳಲ್ಲಿ ನಿಂತ ಮಕ್ಕಳು ಆಟಿಸಂ ಇರುವವರಲ್ಲಿ ಸುಮಾರು ಶೇ 25ರಿಂದ 30ರಷ್ಟು ಇದ್ದಾರೆ ಎಂದು ಸಂಶೋಧಕರು ಅಂದಾಜಿಸಿದ್ದಾರೆ. ಇನ್ನೊಂದು ಕಡೆ, 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 4 ವರ್ಷಕ್ಕೆ ತೀವ್ರ ಭಾಷಾ ಹಿನ್ನಡೆ ಇದ್ದ 535 ಮಕ್ಕಳನ್ನು ಗಮನಿಸಿತು. ಅವರಲ್ಲಿ ಶೇ 70ರಷ್ಟು ಮಕ್ಕಳು ಮುಂದೆ ಪದ ಜೋಡಿಸಿ ಮಾತಾಡಿದರು, ಶೇ 47ರಷ್ಟು ಮಕ್ಕಳು ಸರಾಗವಾಗಿ ಮಾತಾಡಿದರು. ನಾಲ್ಕು ದಾಟಿದರೆ ಬಾಗಿಲು ಮುಚ್ಚಿತು ಎಂಬ ಭಯ ಬೇಡ. ಮಾತಿಗಾಗಿ ಕಾಯುವ ಆ ವರ್ಷಗಳಲ್ಲಿ ಮಗು ಮೂಕವಾಗಿ ಇರಬೇಕೆಂಬುದೂ ಇಲ್ಲ.

ಅದಕ್ಕೆಂದೇ ಚಿತ್ರ, ಸನ್ನೆ, ಸಾಧನಗಳ ದಾರಿಗಳಿವೆ. 1985ರಲ್ಲಿ ಅಮೆರಿಕದ ಆ್ಯಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ‘ಪೆಕ್ಸ್’ ಕ್ರಮದಲ್ಲಿ ಮಗು ಬೇಕಾದ ವಸ್ತುವಿನ ಚಿತ್ರವನ್ನು ಎದುರಿನವರ ಕೈಗೆ ಕೊಟ್ಟು ವಸ್ತುವನ್ನು ಪಡೆಯುತ್ತದೆ. ಚಿತ್ರ ಕೈಗೆ ಕೊಡಬೇಕೆಂದರೆ ವ್ಯಕ್ತಿಯ ಬಳಿ ಹೋಗಲೇಬೇಕು. ಆ ಹೋಗುವುದೇ ಇಲ್ಲಿನ ಮೊದಲ ಪಾಠ. ಚೆನ್ನೈನಲ್ಲಿ ರೂಪುಗೊಂಡ ‘ಆವಾಜ್’, ಐಐಟಿ ಬಾಂಬೆಯ ‘ಜೆಲ್ಲೊ’ ಮುಂತಾದ ಆ್ಯಪ್‌ಗಳಲ್ಲಿ ಚಿತ್ರ ಒತ್ತಿದರೆ ಸಾಧನವೇ ಪದ ನುಡಿಯುತ್ತದೆ. ಇವೆರಡೂ ಭಾರತೀಯ ಬದುಕಿಗೆ ಹೊಂದುವಂತೆ ರೂಪಿಸಿದವು. ಮೊಬೈಲ್ ಇಲ್ಲದಿದ್ದರೂ ಚಿಂತೆಯಿಲ್ಲ. ಮನೆಯ ಲೋಟ, ತಟ್ಟೆ, ಬಚ್ಚಲು, ಅಜ್ಜಿಯ ಫೋಟೊಗಳನ್ನು ರಟ್ಟಿಗೆ ಅಂಟಿಸಿದರೂ ಶುರು ಮಾಡಬಹುದು.

‘ಚಿತ್ರ ರೂಢಿಯಾದರೆ ಮಾತಾಡುವುದೇ ಇಲ್ಲ’ ಎಂಬ ಹೆದರಿಕೆ ಮನೆಯವರಲ್ಲಷ್ಟೇ ಅಲ್ಲ, ಕೆಲವು ಶಿಕ್ಷಕರಲ್ಲೂ ಇದೆ. 2006 ಮತ್ತು 2008ರಲ್ಲಿ ಪ್ರಕಟವಾದ ಸಂಶೋಧನಾ ವಿಮರ್ಶೆಗಳು ಈ ಪ್ರಶ್ನೆಯನ್ನೇ ಎತ್ತಿಕೊಂಡವು. ಇಂಥ ಸಾಧನಗಳಿಂದ ಮಾತು ಕುಂದಿತೆಂಬುದಕ್ಕೆ ಆಧಾರ ಸಿಗಲಿಲ್ಲ, ಹಲವು ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚಿತು. ಹೇಳಿದ್ದು ಇನ್ನೊಬ್ಬರಿಗೆ ಮುಟ್ಟುತ್ತದೆ ಎಂದು ಒಮ್ಮೆ ಅರಿತ ಮಗು ಹೇಳುವುದನ್ನು ಬಿಡುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮಗುವಿನ ಕೈಯನ್ನೋ ಮೊಣಕೈಯನ್ನೋ ಹಿಡಿದು, ಇಲ್ಲವೇ ಅಕ್ಷರಫಲಕವನ್ನು ಅದರ ಮುಂದೆ ಎತ್ತಿ ಹಿಡಿದು ‘ಬರೆಸುವ’ ಪದ್ಧತಿಗಳಿವೆ. ಅಲ್ಲಿ ಬರುವ ಮಾತು ಮಗುವಿನದೋ ಹಿಡಿದವರದೋ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಇವುಗಳನ್ನು ಬಳಸಬಾರದೆಂದು ಹೇಳಿತು. ಮಾತು ಬರಿಸುವ ಔಷಧಿ, ಚುಚ್ಚುಮದ್ದು ಎಂದು ಲಕ್ಷಗಟ್ಟಲೆ ಕೇಳುವವರಿಂದಲೂ ದೂರವಿರಿ. ಆಟಿಸಂ ಮಗುವಿಗೆ ಮಾತು ತರುವುದೆಂದು ಸಾಬೀತಾದ ಔಷಧಿ ಇಲ್ಲ.

ಮನೆಮಾತನ್ನು ಬಿಡಬೇಡಿ

ನಮ್ಮ ನಗರಗಳ ಪೋಷಕರಿಗೆ ಸಿಗುವ ಕೆಟ್ಟ ಸಲಹೆಯೊಂದಿದೆ: ‘ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ.’ ಎರಡು ಭಾಷೆ ಕೇಳಿ ಬೆಳೆಯುವ ಆಟಿಸಂ ಮಕ್ಕಳು, ಒಂದೇ ಭಾಷೆ ಕೇಳುವ ಆಟಿಸಂ ಮಕ್ಕಳಿಗಿಂತ ಭಾಷೆಯಲ್ಲಿ ಹಿಂದುಳಿಯುವುದಿಲ್ಲ ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಕನ್ನಡವೋ ತುಳುವೋ ಕೊಂಕಣಿಯೋ ಉರ್ದುವೋ, ತಾಯಿಗೆ ಲಾಲಿ ಹಾಡಲು, ಗದರಲು, ಮುದ್ದಿಸಲು ಬರುವ ಭಾಷೆಯನ್ನು ಬಿಡಿಸಿದರೆ ಅವಳ ಮಾತು ತಡವರಿಸುತ್ತದೆ. ಅಜ್ಜ ಅಜ್ಜಿ ಮೌನವಾಗುತ್ತಾರೆ. ಒಡನಾಟವೇ ಕಡಿಮೆ ಇರುವ ಮಗುವಿಗೆ ಇದ್ದ ಜೊತೆಗಾರರನ್ನೂ ಕಳೆದಂತೆ. ಮೌಲ್ಯಮಾಪನ ಕೂಡ ಮನೆಮಾತಿನಲ್ಲೇ ಆಗಬೇಕು. ಇಂಗ್ಲಿಷ್ ಚಿತ್ರಪಟ್ಟಿ ಮುಂದಿಟ್ಟು ‘ಶೇ 20 ಅಂಕ’ ಎಂದು ಬರೆದರೆ ಅದು ಮಗುವಿನ ಅಳತೆಯಾಗುವುದಿಲ್ಲ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಇರುವ ಅನುಕೂಲ ಬೇರೆ ರಾಜ್ಯಗಳಿಗೆ ಸುಲಭಕ್ಕೆ ಸಿಗುವಂಥದ್ದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ತಜ್ಞರನ್ನು ತಯಾರು ಮಾಡುತ್ತಿದೆ, ಕನ್ನಡದಲ್ಲೇ ಭಾಷಾ ಪರೀಕ್ಷೆಗಳು ಅಲ್ಲಿ ರೂಪುಗೊಂಡಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ವಾಕ್-ಭಾಷಾ ಚಿಕಿತ್ಸಾ ತಜ್ಞೆ ಡಾ. ಪ್ರತಿಭಾ ಕಾರಂತ್ ಈ ಶತಮಾನದ ಆರಂಭದಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಕಾಮ್ ಡೀಲ್’ ಕಾರ್ಯಕ್ರಮ ಭಾಷೆಯನ್ನು ಮಾತ್ರ ನೋಡದೆ ಚಲನೆ, ಕೈಕೆಲಸ, ದಿನಚರಿ, ಗ್ರಹಿಕೆ, ಭಾವನೆಗಳನ್ನೂ ಸೇರಿಸಿ ಎಂಟು ಕ್ಷೇತ್ರಗಳಲ್ಲಿ ಮಗುವಿನ ಬೆಳವಣಿಗೆಯನ್ನು ಅಳೆದು, ಶಾಲೆ ಸೇರುವ ಮೊದಲೇ ಸಣ್ಣ ಗುಂಪುಗಳಲ್ಲಿ ತೀವ್ರ ತರಬೇತಿ ಕೊಡುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆಯಾಗಬೇಕಾದ ತೊಂದರೆಗಳಲ್ಲಿ ಆಟಿಸಂ ಕೂಡ ಸೇರಿದೆ. ಜಿಲ್ಲಾ ಆರಂಭಿಕ ಚಿಕಿತ್ಸಾ ಕೇಂದ್ರಗಳಿರುವುದು ಇದಕ್ಕಾಗಿಯೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ಅಂಗವೈಕಲ್ಯಗಳಲ್ಲಿ ಒಂದಾಗಿ ಗುರುತಿಸಿದೆ. ಅದೇ ಕಾಯ್ದೆ ‘ಸಂವಹನ’ ಎಂಬುದಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಸನ್ನೆ, ಪೂರಕ ಮತ್ತು ಪರ್ಯಾಯ ವಿಧಾನಗಳೂ ಸೇರಿವೆ. ಅಂದರೆ ಚಿತ್ರಫಲಕ ಹಿಡಿದು ಬಂದ ಮಗುವಿಗೆ ‘ಮಾತು ಬಂದ ಮೇಲೆ ಕರೆದುಕೊಂಡು ಬನ್ನಿ’ ಎನ್ನುವ ಶಾಲೆ ಕಾಯ್ದೆಯ ಆಶಯಕ್ಕೆ ವಿರುದ್ಧ ನಡೆಯುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಪ್ರತಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಯಾವ ಊರಿನ ಯಾವ ಶಾಲೆಯೂ ‘ನಮ್ಮಲ್ಲಿ ಅಂಥವರಿಲ್ಲ’ ಎನ್ನುವಂತಿಲ್ಲ.

ಕೊನೆಯದಾಗಿ ತಂದೆತಾಯಿಗಳಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಶಿಕ್ಷಕರಿಗೆ ಒಂದು ವಿನಂತಿ. ಎರಡು ವರ್ಷವಾದರೂ ಮಾತಿಲ್ಲದ, ಬೆರಳು ತೋರಿಸದ ಮಗುವನ್ನು ಕಂಡರೆ ‘ಬರುತ್ತೆ ಬಿಡಿ’ ಎನ್ನಬೇಡಿ, ಈ ವಾರವೇ ಕಿವಿ ಪರೀಕ್ಷೆಗೆ ಕಳಿಸಿ. ಥೆರಪಿ ಕೇಂದ್ರಕ್ಕೆ ಹೋದರೆ ಮೂರು ತಿಂಗಳಿಗೊಮ್ಮೆ ಲಿಖಿತ ಗುರಿ ಮತ್ತು ಪ್ರಗತಿಯ ವಿವರ ಕೇಳಿ. ಅದರಲ್ಲಿ ಪದಗಳ ಪಟ್ಟಿ ಮಾತ್ರ ಇದ್ದರೆ, ‘ಇವನು ತಾನಾಗಿ ಏನನ್ನು ಹೇಳಲು ಕಲಿತ, ಯಾರಿಗೆ ಹೇಳಿದ?’ ಎಂದು ಕೇಳಿ. ಮಗು ಈಗಾಗಲೇ ಹೇಳುತ್ತಿರುವ ಹತ್ತು ಸಂಗತಿಗಳನ್ನು, ಹೇಳುವ ರೀತಿಯನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಗೂ ನೆರೆಮನೆಗೂ ಕೊಡಿ. ಮಾತು ಬರಬಹುದು, ಬಾರದಿರಬಹುದು. ಆದರೆ ತನ್ನ ಹಸಿವು, ನೋವು, ಬೇಡಿಕೆ, ಸಂತೋಷವನ್ನು ಯಾರಿಗಾದರೂ ತಿಳಿಸಲಾಗದ ಸ್ಥಿತಿಯಲ್ಲಿ ಒಂದು ಮಗುವನ್ನೂ ನಾವು ಬಿಡಬಾರದು.